ಬೆಳೆಸಿದವರು

ಫುಟ್‌ಬಾಲ್ ಕ್ಲಬ್ಬಿನ ಕಟ್ಟಡಕ್ಕೆ ಎರಡು ಬಾಗಿಲು. ಮುಂದಿನ ಬಾಗಿಲಿನಿಂದ ಒಳಗೆ ಕಾಲಿಟ್ಟರೆ ಉದ್ದನೆಯ ಹಜಾರ, ಅದರ ಎಡಗೋಡೆಯ ಮೇಲೆ ಸಾಲಾಗಿ ಮರದ ಫಲಕಗಳು. ಹಿಂದಿನ ಬಾಗಿಲು ಸಾಮಾನಿನ ಕೋಣೆಯದು. ಅಲ್ಲಿ ಗಾಳಿ ಇಳಿದ ಚೆಂಡುಗಳು, ಒಣಗದ ಜರ್ಸಿಗಳು, ಮೈದಾನಕ್ಕೆ ಗೆರೆ ಎಳೆಯುವ ಸುಣ್ಣದ ಡಬ್ಬ. ಮರಿ ತಂಡದ ಕೋಚ್, ಅಂದರೆ ಊರಿಗೆಲ್ಲ ಮಾಸ್ತರು, ಎಂಟು ವರ್ಷದಿಂದ ಈ ಹಿಂದಿನ ಬಾಗಿಲಿನಿಂದಲೇ ಬರುತ್ತಿದ್ದರು. ಯಾಕೆ ಎಂದು ಯಾರಾದರೂ ಕೇಳಿದರೆ "ಚೆಂಡು ಎಣಿಸ್ಬೇಕು" ಅನ್ನುತ್ತಿದ್ದರು. ಚೆಂಡು ಎಣಿಸುವುದಕ್ಕೆ ಎಂಟು ವರ್ಷ ಬೇಕೇ? ಆ ಫಲಕಗಳನ್ನು ಕಂಡರೆ ಅವರ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು, ಅದು ನಿಜವಾದ ಕಾರಣ.

ಕ್ಲಬ್ಬಿನಲ್ಲಿ ಬೆಳೆದ ಆಟಗಾರ ದೇಶದ ತಂಡಕ್ಕೆ ಆಯ್ಕೆಯಾದರೆ ಅಲ್ಲೊಂದು ಫಲಕ ಏರುತ್ತದೆ. ಮೇಲೆ ಅವನ ಹೆಸರು, ಕೆಳಗೆ "ಬೆಳೆಸಿದವರು" ಎಂದು ಕೆತ್ತಿ ಇನ್ನೊಂದು ಹೆಸರು. ಆ ಎರಡನೆಯ ಹೆಸರನ್ನು ಆಟಗಾರನೇ ಹೇಳಬೇಕು, ಬೇರೆ ಯಾರೂ ಬಾಯಿ ಹಾಕುವಂತಿಲ್ಲ. ಆಗ ಗೋಡೆಯ ಮೇಲಿದ್ದದ್ದು ನಾಲ್ಕು ಫಲಕ. ನಾಲ್ಕರ ಕೆಳಗೂ ಒಂದೇ ಹೆಸರು, ದೊಡ್ಡ ತಂಡದ ಮ್ಯಾನೇಜರದು. ಆ ಮ್ಯಾನೇಜರ್ ಮತ್ಯಾರೋ ಅಲ್ಲ, ಮಾಸ್ತರ ಹೆಂಡತಿಯ ಒಡಹುಟ್ಟಿದ ತಮ್ಮ.

ಹೊರಗಿನವನಾಗಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು. ಬಾಮೈದನನ್ನು ಎಲ್ಲಿ ಅಂತ ಬೈಯುವುದು? ಮನೆಯಲ್ಲಿ ಬೈದರೆ ಅನ್ನ ಹಾಕುವವಳ ತವರಿಗೆ ಬೈದಂತೆ, ಹೊರಗೆ ಬೈದರೆ ನಾಲ್ಕು ಜನ ನಗುತ್ತಾರೆ. ಅದಕ್ಕೇ ಮಾಸ್ತರು ನುಂಗಿಕೊಂಡೇ ಇದ್ದರು. ಮದುವೆಯಾದ ಹೊಸತರಲ್ಲಿ ಹತ್ತು ವರ್ಷದ ಈ ಹುಡುಗ "ಭಾವ, ಭಾವ" ಅಂತ ಬಾಲದಂತೆ ಹಿಂದೆ ಸುತ್ತುತ್ತಿದ್ದ. ಬೂಟಿನ ದಾರ ಬಿಚ್ಚಿಹೋಗದ ಹಾಗೆ ಕಟ್ಟುವುದನ್ನು ಅವನಿಗೆ ಕಲಿಸಿದವರೇ ಇವರು. ಈಗ ಪತ್ರಿಕೆಯವರು ಅವನನ್ನು "ಮೊಗ್ಗು ಅರಳಿಸುವ ಮ್ಯಾನೇಜರ್" ಎಂದು ಬರೆಯುತ್ತಿದ್ದರು. ಮೊಗ್ಗು ಏನು ಆಕಾಶದಿಂದ ಉದುರಿತ್ತೇ? ಗಿಡ ನೆಟ್ಟವರು ಯಾರು, ನೀರು ಹೊಯ್ದವರು ಯಾರು ಅಂತ ಒಬ್ಬನಾದರೂ ಕೇಳಬೇಡವೇ?

ಮಾಸ್ತರ ಪಾಠದಲ್ಲಿ ಒಂದು ವಿಶೇಷವಿತ್ತು. ಹುಡುಗ ಚೆಂಡಿಗಾಗಿ ಕಾಯುತ್ತ ನಿಂತಿರುವಾಗ ಇವರು ಅವನ ಬೆನ್ನ ಹಿಂದೆ ಹೋಗಿ ಬೆರಳು ಎತ್ತಿ ಹಿಡಿಯುತ್ತಿದ್ದರು. ಚೆಂಡು ಕಾಲಿಗೆ ತಾಗುವ ಮೊದಲು ಅವನು ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಿ ಎಷ್ಟು ಬೆರಳು ಅಂತ ಕೂಗಬೇಕು. ತಪ್ಪಿದರೆ ಮೈದಾನಕ್ಕೆ ಒಂದು ಸುತ್ತು. ಹಿಂದೆ ಯಾರು ಬರುತ್ತಿದ್ದಾರೆ ಅಂತ ತಿಳಿಯದವನ ಕಾಲಿಗೆ ಚೆಂಡು ಬಂದರೂ ಒಂದೇ ಬಿಟ್ಟರೂ ಒಂದೇ ಎಂಬುದು ಅವರ ಸಿದ್ಧಾಂತ. ಬೆಳಿಗ್ಗೆಯೆಲ್ಲ ಮೈದಾನದಲ್ಲಿ "ಮೂರು! ಎರಡು! ಐದು!" ಅಂತ ಮಕ್ಕಳ ಕೂಗು. ಹುಲ್ಲು ಕತ್ತರಿಸುವ ಮುದುಕ, ಎಲ್ಲರ ಬಾಯಲ್ಲಿ ಹುಲ್ಲಜ್ಜ, "ಇದೇನು ಮಾಸ್ತರೇ, ಫುಟ್‌ಬಾಲೋ ಮಗ್ಗಿ ಪಾಠವೋ?" ಅಂತ ಕಾಲೆಳೆಯುತ್ತಿದ್ದ.

ಬಾಮೈದನ ದಾರಿ ಬೇರೆ. ಮರಿ ತಂಡದಿಂದ ತೆಗೆದುಕೊಂಡ ಹುಡುಗನನ್ನು ಅವನು ಮೊದಲ ಮೂರು ತಿಂಗಳು ಆಡಿಸುತ್ತಲೇ ಇರಲಿಲ್ಲ. ಪಂದ್ಯ ನಡೆಯುವಾಗ ಬೆಂಚಿನ ಮೇಲೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡು, ಮುಂದಿನ ಪಾಸ್ ಎಲ್ಲಿಗೆ ಹೋಗುತ್ತೆ ಹೇಳು ಅಂತ ಕೇಳುತ್ತಿದ್ದ. ಸರಿ ಹೇಳಿದರೂ ಹೊಗಳುತ್ತಿರಲಿಲ್ಲ, ತಪ್ಪು ಹೇಳಿದರೂ ಬೈಯುತ್ತಿರಲಿಲ್ಲ, ಯಾಕೆ ಹಾಗನ್ನಿಸಿತು ಅಂತ ಮಾತ್ರ ಕೇಳುತ್ತಿದ್ದ. ಕಡೆಗೆ ಆಡಲು ಇಳಿಸಿದ ಮೇಲೆ, ಹುಡುಗ ಎಂಥ ತಪ್ಪು ಮಾಡಿದರೂ ಅವತ್ತು ಹೊರಗೆ ಕರೆಯುತ್ತಿರಲಿಲ್ಲ. "ತಪ್ಪು ಮಾಡಿದ ಜಾಗದಲ್ಲೇ ಸರಿ ಮಾಡಿ ಬರ್ಲಿ ಬಿಡಿ" ಅನ್ನುತ್ತಿದ್ದ. ಹೀಗೆ ಮಾಡಿ ಎರಡು ಪಂದ್ಯ ಸೋತದ್ದೂ ಉಂಟು. ಆದರೆ ಹುಡುಗರು ಅವನ ಕೈಯಲ್ಲಿ ಆರು ತಿಂಗಳಿಗೆ ಗಂಡಸರಾಗುತ್ತಿದ್ದರು. ಮಾಸ್ತರು ಇದನ್ನೆಲ್ಲ ಬೇಲಿಯಾಚೆ ನಿಂತು ಕದ್ದು ನೋಡುತ್ತಿದ್ದರು. ಒಂದು ಸಲ ತಾವೂ ಒಬ್ಬ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಸ್ ಎಲ್ಲಿಗೆ ಹೋಗುತ್ತೆ ಹೇಳು ಅಂದರು. ಅವನು ಎರಡು ಸಲ ಹೇಳಿ ಮೂರನೆಯ ಸಲಕ್ಕೆ ಇವರ ಹೆಗಲಿಗೆ ಒರಗಿ ನಿದ್ದೆ ಹೋದ. ಹುಲ್ಲಜ್ಜ ಅದನ್ನು ಒಂದು ವಾರ ಆಡಿಕೊಂಡು ನಕ್ಕ.

ಇಂಥ ಹೊತ್ತಿನಲ್ಲಿ ಅವರ ಕೈಗೆ ಸಿಕ್ಕಿದ ಚಿನ್ನವೆಂದರೆ ಗುಬ್ಬಿ ಎಂಬ ಹುಡುಗ. ಒಂಬತ್ತು ವರ್ಷದವನಿದ್ದಾಗ ಬಂದ ಪುಟಾಣಿ, ಹದಿನೇಳಾದರೂ ಪುಟಾಣಿಯಂತೆಯೇ ಇದ್ದ. ನಡು ಮೈದಾನದಲ್ಲಿ ನಿಂತು ಬಲಗಾಲಿನಿಂದ ಅವನು ಕೊಡುವ ಪಾಸು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯ. ಮಾಸ್ತರು ಇವನ ವಿಷಯವನ್ನು ಹೆಂಡತಿಗೆ ದಿನವೂ ಹೇಳುತ್ತಿದ್ದರು, ಬಾಮೈದ ಊಟಕ್ಕೆ ಬಂದ ದಿನ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಹೆಂಡತಿ ಮರೆತು "ಆ ಗುಬ್ಬಿ ಹೇಗಿದಾನೆ?" ಅಂದರೆ "ಯಾವ ಗುಬ್ಬಿ?" ಅಂತ ಕಣ್ಣು ಬಿಡುತ್ತಿದ್ದರು. ಮರಿಗಳ ಪಂದ್ಯದ ಹೊತ್ತಿಗೇ ದೊಡ್ಡವರ ಅಭ್ಯಾಸ ಇರುತ್ತಿದ್ದುದರಿಂದ ಬಾಮೈದ ಗುಬ್ಬಿಯ ಆಟ ನೋಡಿಯೇ ಇರಲಿಲ್ಲ.

ಅವನು ನೋಡುವುದು ವರ್ಷಕ್ಕೊಮ್ಮೆ, ಹದಿನೇಳು ತುಂಬಿದವರ ಆಯ್ಕೆಯ ಪಂದ್ಯದ ದಿನ. ಹಿಂದೆ ಯಾವುದೋ ಕಾಲದಲ್ಲಿ ಅವತ್ತು ಕೋಚಿಗೂ ಮ್ಯಾನೇಜರಿಗೂ ಮಾತಿಗೆ ಮಾತು ಬೆಳೆದು ಕುರ್ಚಿ ಹಾರಿತ್ತಂತೆ. ಅಂದಿನಿಂದ ಕ್ಲಬ್ಬಿನಲ್ಲಿ ಒಂದು ಕಟ್ಟಳೆ. ಆ ದಿನ ಮ್ಯಾನೇಜರ್ ಏನೂ ಕೇಳಬಾರದು, ಕೋಚ್ ಏನೂ ಹೇಳಬಾರದು. ಯಾವ ಹುಡುಗ ಎಲ್ಲಿ ಆಡುತ್ತಾನೆ ಅಂತ ಕೋಚ್ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾನೆ, ಮ್ಯಾನೇಜರ್ ಆಟ ನೋಡಿ ಇಬ್ಬರ ಹೆಸರನ್ನು ಚೀಟಿಯಲ್ಲಿ ಬರೆದು ಅಧ್ಯಕ್ಷರ ಮೇಜಿನ ಮೇಲಿಡುತ್ತಾನೆ. ಉಳಿದವರು ಇನ್ನೊಂದು ವರ್ಷ ಮರಿ ತಂಡದಲ್ಲೇ.

ಆ ಇನ್ನೊಂದು ವರ್ಷವೇ ಮಾಸ್ತರಿಗೆ ಬೇಕಾಗಿದ್ದದ್ದು. ಗುಬ್ಬಿ ಇನ್ನೊಂದು ವರ್ಷ ತಮ್ಮ ಹತ್ತಿರ ಇದ್ದರೆ ಮರಿ ತಂಡಕ್ಕೆ ಕಪ್ ಖಂಡಿತ. ಆಗ ದೇಶದ ತಂಡದವರು ನೇರವಾಗಿ ಇವರ ಹತ್ತಿರವೇ ಬರುತ್ತಾರೆ, ಗೋಡೆಯ ಮೇಲೆ ಒಂದೇ ಒಂದು ಫಲಕದ ಕೆಳಗಾದರೂ ತಮ್ಮ ಹೆಸರು ಬೀಳುತ್ತದೆ. ಇಷ್ಟನ್ನು ಮನಸ್ಸಿನಲ್ಲೇ ಗುಣಿಸಿ ಭಾಗಿಸಿ, ಆಯ್ಕೆಯ ದಿನ ಬೆಳಿಗ್ಗೆ ಮಾಸ್ತರು ಕರಿಹಲಗೆಯ ಮುಂದೆ ನಿಂತರು. ಬಲಗಾಲಿನ, ನಡು ಮೈದಾನದ ಗುಬ್ಬಿಯ ಹೆಸರನ್ನು ಎಡಗಡೆಯ ಬ್ಯಾಕ್ ಜಾಗದಲ್ಲಿ, ಅಂದರೆ ಗೋಲು ಕಾಯುವ ಹಿಂದಿನ ಸಾಲಿನ ಎಡತುದಿಯಲ್ಲಿ ಬರೆದರು. ಅಲ್ಲಿಗೆ ಚೆಂಡು ಬರುವುದೇ ಕಡಿಮೆ, ಬಂದರೂ ಅವನ ಕಾಲಿಗೆ ಉಲ್ಟಾ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಹುಲ್ಲಜ್ಜ ಹಲಗೆ ನೋಡಿ, "ಸೀಮೆಸುಣ್ಣ ಜಾರ್ತಾ ಹೇಗೆ ಮಾಸ್ತರೇ?" ಅಂದ.

"ನಿನ್ನ ಹುಲ್ಲು ನೀನು ನೋಡ್ಕೊ."

ಗುಬ್ಬಿಯೂ ಬಂದ. "ಮಾಸ್ತರೇ, ನನ್ನ ಹೆಸರು ಎಡಗಡೆ ಬ್ಯಾಕ್ ಅಂತ ಇದೆ. ತಪ್ಪಾಗಿರ್ಬೇಕು."

"ತಪ್ಪಾಗಿಲ್ಲ. ಹೋಗಿ ಆಡು."

"ನಾನೇನು ತಪ್ಪು ಮಾಡ್ದೆ?"

"ಏನೂ ಇಲ್ಲ ಕಣೋ. ಆಡು ಅಂದ್ನಲ್ಲ."

ಹುಡುಗನ ಕಣ್ಣು ತುಂಬಿತು. ಮಾಸ್ತರು ಬಗ್ಗಿ, ಕಟ್ಟಿಯೇ ಇದ್ದ ತಮ್ಮ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದರು.

ಪಂದ್ಯ ಶುರುವಾಯಿತು. ಬಾಮೈದ ಎಂದಿನಂತೆ ಗೋಲಿನ ಹಿಂದೆ ಒಂದು ಬಕೆಟ್ಟು ಕವುಚಿ ಹಾಕಿ ಅದರ ಮೇಲೆ ಕೂತ. ಗುಬ್ಬಿ ಎಡಗಡೆಯ ಗೆರೆಯ ಪಕ್ಕ ನಿಂತು ತೋಳಿನಲ್ಲಿ ಮೂಗು ಒರೆಸಿಕೊಳ್ಳುತ್ತ ಆಡುತ್ತಿದ್ದ. ಹತ್ತು ನಿಮಿಷ ಕಳೆದಿರಬೇಕು, ಬಾಮೈದ ಎದ್ದು, ಬಕೆಟ್ಟು ಎತ್ತಿಕೊಂಡು ಹೋಗಿ ಎಡಗಡೆಯ ಗೆರೆಯ ಹೊರಗೆ ಕೂತ. ಬಿಸಿಲು ತಪ್ಪಿಸಿಕೊಳ್ಳಲು ಹೋದ ಅಂದುಕೊಂಡರು ಮಾಸ್ತರು. ಆಮೇಲೆ ಪಂದ್ಯ ಮುಗಿಯುವ ತನಕ ಅವನು ಅಲ್ಲಿಂದ ಕದಲಲಿಲ್ಲ.

ಸಂಜೆ ಮನೆಗೆ ಬಂದಾಗ ಮಾಸ್ತರು ಸೀಟಿ ಹೊಡೆಯುತ್ತಿದ್ದರು. ಹೆಂಡತಿಗೆ ಅನುಮಾನ ಬಂತು. "ಏನ್ರೀ, ಏನು ಮಾಡಿ ಬಂದ್ರಿ?" ಎರಡು ಲೋಟ ಚಹಾ ಕುಡಿಯುವಷ್ಟರಲ್ಲಿ ಮಾಸ್ತರು ಎಲ್ಲವನ್ನೂ ಒದರಿದರು. ಹೊಟ್ಟೆಯಲ್ಲಿ ಮಾತು ನಿಲ್ಲದ ಜಾತಿ ಅವರದು. ಆಕೆ ನಗಲಿಲ್ಲ. "ನನ್ನ ತಮ್ಮನ ಮೇಲಿನ ಸಿಟ್ಟನ್ನ ಆ ಮಗೂ ಮೇಲೆ ತೀರಿಸ್ಕೊಂಡ್ರಾ? ಆಯ್ತು, ಮಾಡಿದ್ದುಣ್ಣೋ ಮಹರಾಯ" ಅಂದು ಲೋಟ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಅಧ್ಯಕ್ಷರು ಚೀಟಿ ಓದಿದರು. ಮೊದಲನೆಯ ಹೆಸರೇ ಗುಬ್ಬಿಯದು.

ತಾನೊಂದು ಬಗೆದರೆ ದೈವ ಇನ್ನೊಂದು ಬಗೆಯಿತು ಎಂಬುದನ್ನು ಮಾಸ್ತರು ಹಾಡಿನಂತೆ ಕೇಳಿದ್ದರು, ಈಗ ಏಟಿನಂತೆ ತಿಂದರು. ಗುಬ್ಬಿ ಹೋದ. ಮೂರು ತಿಂಗಳು ಬೆಂಚಿನ ಮೇಲೆ ಕೂತ, ಪಾಸ್ ಎಲ್ಲಿಗೆ ಹೋಗುತ್ತೆ ಅಂತ ಹೇಳಿದ. ಆಮೇಲೆ ಬಾಮೈದ ಅವನನ್ನು ಆಡಲು ಇಳಿಸಿದ, ಅದೂ ಎಡಗಡೆಯ ಬ್ಯಾಕ್ ಆಗಿಯೇ! ಮೊದಲ ಪಂದ್ಯದಲ್ಲಿ ಗುಬ್ಬಿಯ ತಪ್ಪಿನಿಂದ ಒಂದು ಗೋಲು ಆಯಿತು. ಬೇಲಿಯಾಚೆ ಮಾಸ್ತರು ಒಳಗೊಳಗೇ ಕುಣಿದರು, ಆಮೇಲೆ ನಾಚಿದರು, ಮತ್ತೆ ಕುಣಿದರು. ಬಾಮೈದ ಅವನನ್ನು ಹೊರಗೆ ಕರೆಯಲಿಲ್ಲ. ಐದನೆಯ ಪಂದ್ಯದ ಹೊತ್ತಿಗೆ ಗುಟ್ಟು ಎಲ್ಲರಿಗೂ ಕಾಣಿಸಿತು. ನಡು ಮೈದಾನದಲ್ಲಿ ನಿಂತಿದ್ದರೆ ದೊಡ್ಡ ಆಳುಗಳು ಹಿಂದಿನಿಂದ ಬಂದು ಈ ಪುಟ್ಟ ದೇಹವನ್ನು ಚಪಾತಿ ಮಾಡುತ್ತಿದ್ದರು. ಎಡಗಡೆಯಲ್ಲಿ ಬೆನ್ನಿಗೆ ಗೆರೆ, ಹಿಂದಿನಿಂದ ಬರುವವನೇ ಇಲ್ಲ. ಚೆಂಡು ಸಿಕ್ಕಿದ ಕೂಡಲೇ ಅವನು ಬಲಗಾಲಿಗೆ ಎಳೆದುಕೊಂಡು ಒಳಗೆ ನುಗ್ಗುತ್ತಿದ್ದ, ಇಡೀ ಮೈದಾನ ಅಂಗೈ ಹಾಗೆ ಮುಂದೆ ಬಿಚ್ಚಿಕೊಳ್ಳುತ್ತಿತ್ತು.

ಪತ್ರಿಕೆಗಳಲ್ಲಿ ಒಂದೇ ಮಾತು. ಬಲಗಾಲಿನವನನ್ನು ಎಡಕ್ಕೆ ಹಾಕುವ ಬುದ್ಧಿ ಆ ಮ್ಯಾನೇಜರಿಗಲ್ಲದೆ ಇನ್ಯಾರಿಗೆ ಹೊಳೆದೀತು? ಎಂಥ ಕಣ್ಣು! ಮಾಸ್ತರಿಗೆ ಇದು ನುಂಗಲಾರದ, ಉಗುಳಲಾರದ ಬಿಸಿತುಪ್ಪವಾಯಿತು. ಹಾಕಿದ್ದು ನಾನು ಎನ್ನೋಣವೆಂದರೆ ಯಾಕೆ ಹಾಕಿದಿರಿ ಎಂಬ ಪ್ರಶ್ನೆ ಬೆನ್ನ ಹಿಂದೆಯೇ ನಿಂತಿದೆ. ಆರು ತಿಂಗಳು ತಡೆದರು. ಒಂದು ದಿನ ಕ್ಷೌರದ ಅಂಗಡಿಯಲ್ಲಿ, ಮುಖಕ್ಕೆ ಅರ್ಧ ಸಾಬೂನು ಮೆತ್ತಿಕೊಂಡು ಕೂತಿದ್ದಾಗ, ಪಕ್ಕದ ಕುರ್ಚಿಯವನು ಮ್ಯಾನೇಜರನ್ನು ಹೊಗಳಲು ಶುರು ಮಾಡಿದ. ಮಾಸ್ತರ ಕಟ್ಟೆ ಒಡೆಯಿತು.

"ಅವನನ್ನ ಎಡಗಡೆ ಮೊದಲು ಹಾಕಿದ್ದು ಯಾರು ಅಂತ ಆ ಹುಲ್ಲಜ್ಜನ್ನ ಕೇಳಿ! ಹಲಗೆ ಮೇಲೆ ಈ ಕೈಯಲ್ಲೇ ಬರೆದಿದ್ದು. ಹುಡುಗನ ಮೈಕಟ್ಟು ನೋಡಿ, ಯೋಚನೆ ಮಾಡಿ ಬರೆದಿದ್ದು."

ಕ್ಷೌರಿಕನ ಅಂಗಡಿಯಲ್ಲಿ ಬಿದ್ದ ಮಾತು ಸಂಜೆಯೊಳಗೆ ಊರು ಸುತ್ತಿತು. ಹುಲ್ಲಜ್ಜನನ್ನು ಕೇಳಿದರು. ಅವನು ಮಾಸ್ತರ ಮುಖ ಒಮ್ಮೆ ನೋಡಿ, "ಬರೆದಿದ್ದು ಮಾಸ್ತರೇ, ಅದಂತೂ ನಿಜ" ಅಂದ. ಮಿಕ್ಕದ್ದನ್ನು ನುಂಗಿದ. ಅಂದಿನಿಂದ ಮಾಸ್ತರು ಆ ಕತೆಯನ್ನು ಹತ್ತಾರು ಕಡೆ ಹೇಳಿದರು, ಹೇಳಿ ಹೇಳಿ ತಾವೂ ಅರ್ಧ ನಂಬಿದರು. ಪೂರ್ತಿ ನಂಬಲು ಹೆಂಡತಿಯ ಮುಖ ಬಿಡುತ್ತಿರಲಿಲ್ಲ.

ಎರಡನೆಯ ವರ್ಷದ ಕೊನೆಗೆ ಗುಬ್ಬಿ ದೇಶದ ತಂಡಕ್ಕೆ ಆಯ್ಕೆಯಾದ. ಐದನೆಯ ಫಲಕ ತಯಾರಾಯಿತು. ಅಧ್ಯಕ್ಷರು ಹಜಾರದಲ್ಲಿ ಕುರ್ಚಿ ಹಾಕಿಸಿ, ಎಲ್ಲರನ್ನೂ ಕರೆದು, ಬಟ್ಟೆ ಸರಿಸಿದರು. ಮಾಸ್ತರು ಹೆಂಡತಿಯ ಪಕ್ಕ ಕೊನೆಯ ಸಾಲಿನಲ್ಲಿದ್ದರು. ನೋಡಬಾರದು ಎಂದುಕೊಂಡೇ ನೋಡಿದರು. ಬೆಳೆಸಿದವರು ಎಂಬುದರ ಕೆಳಗೆ ಅವರದೇ ಹೆಸರು, ಅಪ್ಪ ಇಟ್ಟ ಪೂರ್ತಿ ಹೆಸರು, ಒಂದಕ್ಷರ ತಪ್ಪಿಲ್ಲದೆ.

ಗುಬ್ಬಿ ಎದ್ದು ನಿಂತ. ಮಾತು ಬಾರದ ಹುಡುಗ, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ತುರುಕಿದ. "ಆಯ್ಕೆ ದಿನ ಮಾಸ್ತರು ನನ್ನನ್ನ ಎಡಗಡೆ ಹಾಕಿದಾಗ ನಾನು ಅತ್ತಿದ್ದೆ. ನನ್ನ ಮೇಲೆ ಅವರಿಗೆ ಬೇಜಾರಾಗಿದೆ ಅಂತ ಎರಡು ವಾರ ಸರಿಯಾಗಿ ಊಟ ಮಾಡ್ಲಿಲ್ಲ. ಅವರಿಗೆ ಅವತ್ತೇ ನನ್ನ ಜಾಗ ಗೊತ್ತಿತ್ತು ಅಂತ ಆಮೇಲೆ ತಿಳೀತು. ಅದಕ್ಕೆ ಅವರ ಹೆಸರು ಹೇಳ್ದೆ." ಅಷ್ಟೇ. ಕೂತ. ಚಪ್ಪಾಳೆ ಬಿತ್ತು.

ಎರಡು ವಾರ ಊಟ ಮಾಡಲಿಲ್ಲ ಎಂಬ ಮಾತು ಮಾಸ್ತರ ಎದೆಗೆ ಮೊಳೆ ಹೊಡೆದಂತೆ ನಾಟಿತು. ಮೊದಲ ನಾಲ್ಕು ಫಲಕದ ಹುಡುಗರಿಗಾಗಿ ಮಳೆ ಬಿಸಿಲು ನೋಡದೆ, ಮನೆಯ ಹಬ್ಬ ಹುಣ್ಣಿಮೆ ಬಿಟ್ಟು ಜೀವ ತೇಯ್ದಿದ್ದರು. ಅದಕ್ಕೆ ಒಂದು ಫಲಕವಿಲ್ಲ. ಒಂದು ಬೆಳಿಗ್ಗೆ ಹೊಟ್ಟೆಕಿಚ್ಚಿನಿಂದ ಒಬ್ಬ ಹುಡುಗನ ದಾರಿಗೆ ಕಲ್ಲು ಹಾಕಿದ್ದರು. ಅದಕ್ಕೆ ಫಲಕ! ಅಧ್ಯಕ್ಷರು ಎರಡು ಮಾತಾಡಿ ಎಂದು ಕರೆದಾಗ ಎದ್ದು ಮುಂದೆ ಹೋದರು.

"ನಾನು ಅವನನ್ನ ಅಲ್ಲಿ ಹಾಕಿದ್ದು ಅವನ ಜಾಗ ಅಂತ ಅಲ್ಲ" ಅಂದರು ಮಾಸ್ತರು. "ಮ್ಯಾನೇಜರ್ ಕಣ್ಣಿಗೆ ಬೀಳಬಾರದು ಅಂತ. ನನಗೆ ಹೊಟ್ಟೆಕಿಚ್ಚು. ಅವನು ನನ್ನ ಹತ್ರಾನೇ ಇರ್ಬೇಕಿತ್ತು."

ಅಧ್ಯಕ್ಷರು ಗಹಗಹಿಸಿ ನಕ್ಕರು. ಅವರ ಹಿಂದೆ ಎಲ್ಲರೂ ನಕ್ಕರು. "ನೋಡಿ, ನೋಡಿ, ಮಾಸ್ತರ ತಮಾಷೆ! ಹೊಗಳಿಕೆ ಅಂದ್ರೆ ಹೇಗೆ ತಪ್ಪಿಸ್ಕೊಳ್ತಾರೆ!" ಗುಬ್ಬಿಯೂ ನಗುತ್ತ ಬಂದು ಅವರ ಕಾಲು ಮುಟ್ಟಿದ. ನಗದವರು ಮೂವರೇ. ಹೆಂಡತಿ ಸೆರಗಿನ ಅಂಚು ನೋಡುತ್ತಿದ್ದಳು, ಹುಲ್ಲಜ್ಜ ಚಾವಣಿ ನೋಡುತ್ತಿದ್ದ, ಬಾಮೈದ ಮಾಸ್ತರನ್ನೇ ನೋಡುತ್ತಿದ್ದ.

ಜನ ಚದುರಿದ ಮೇಲೆ ಅವನು ಸಾಮಾನಿನ ಕೋಣೆಗೆ ಬಂದ. ಮಾಸ್ತರು ಚೆಂಡಿನ ಬಲೆಯ ಮೇಲೆ ಕೂತಿದ್ದರು.

"ಭಾವ, ಇನ್ನೊಂದು ಸಲ ಹಾಗೆ ಹೇಳ್ಬೇಡಿ. ಹುಡುಗ ನಂಬಿಬಿಟ್ರೆ ಕಷ್ಟ."

"ನಿನಗೆ ಗೊತ್ತಿತ್ತಾ?"

"ಹತ್ತು ನಿಮಿಷಕ್ಕೇ. ಚೆಂಡು ಬರೋಕೆ ಮುಂಚೆ ಬ್ಯಾಕ್ ಆಡೋನು ಹೆಗಲ ಮೇಲಿಂದ ಹಿಂದೆ ನೋಡಲ್ಲ, ಅವನ ಹಿಂದೆ ಯಾರಿರ್ತಾರೆ? ಇವನು ಗೆರೆಗೆ ಬೆನ್ನು ಹಾಕಿ ನಿಂತು, ಅಳ್ತಾ ಅಳ್ತಾ, ಪ್ರತಿ ಸಲ ಹಿಂದೆ ನೋಡ್ತಿದ್ದ. ನಡು ಮೈದಾನದ ಹುಡುಗನನ್ನ ಬೇಕಂತಲೇ ಅಲ್ಲಿ ಬಚ್ಚಿಟ್ಟಿದೀರಿ ಅಂತ ಗೊತ್ತಾಯ್ತು. ನಾನು ಬಕೆಟ್ಟು ತಗೊಂಡು ಅಲ್ಲಿಗೇ ಹೋಗಿ ಕೂತೆ. ಬೆರಳು ಎತ್ತಿ ಹಿಡಿದೆ."

ಮಾಸ್ತರು ತಲೆ ಎತ್ತಿದರು.

"ಮೂರು ಅಂತ ಕೂಗ್ದ ಭಾವ. ನನ್ನ ಹತ್ರ ಬಂದ ನಾಲ್ಕೂ ಹುಡುಗರು ಹಾಗೇ ಕೂಗ್ತಿದ್ರು. ನಾನೂ ಚಿಕ್ಕವನಿದ್ದಾಗ ಅಕ್ಕನ ಮನೆ ಹಿತ್ತಲಲ್ಲಿ ಕೂಗಿದೀನಿ. ನಾನು ಬೆಂಚಲ್ಲಿ ಕೂರಿಸಿ ಕೇಳೋದೆಲ್ಲ ಅದಾದ ಮೇಲಿನ ಪಾಠ. ಆ ಮೊದಲನೇದು ಇಲ್ದೇ ಇದ್ರೆ ನನ್ನದು ಬರೀ ಬಾಯಿಮಾತು."

ಇಂಥ ಒಂದು ಮಾತಿಗೆ ಮಾಸ್ತರು ಹತ್ತು ವರ್ಷ ಹಸಿದಿದ್ದರು. ಈಗ ತಟ್ಟೆಯಲ್ಲಿ ಬಂದು ಕೂತಿದೆ, ಗಂಟಲಲ್ಲಿ ಇಳಿಯುತ್ತಿಲ್ಲ. ಅವರಿಗೆ ಆಗಲೂ ಹೊಟ್ಟೆಕಿಚ್ಚೇ ಆಯಿತು. ತಮಗೆ ಎಂಟು ವರ್ಷ ಸಾಕಿದ ಹುಡುಗನಲ್ಲಿ ಕಾಣದ್ದು ಇವನಿಗೆ ಹತ್ತು ನಿಮಿಷಕ್ಕೆ ಕಂಡಿತ್ತು. ಅಷ್ಟೇ ಅಲ್ಲ, ತಮ್ಮೊಳಗಿನ ಕೊಳೆಯೂ ಕಂಡಿತ್ತು, ಕಂಡೂ ಅದನ್ನು ಒಬ್ಬ ಹುಡುಗನ ಏಳಿಗೆಗೆ ಹಚ್ಚಿಬಿಟ್ಟಿದ್ದ. ತಪ್ಪು ಮಾಡಿದವನನ್ನು ಹೊರಗೆ ಕರೆಯದೆ ಬಿಡುವ ಆಟವನ್ನು ಭಾವನ ಮೇಲೂ ಆಡಿದ್ದ.

"ಇಷ್ಟು ಗೊತ್ತಿದ್ದವನು ಯಾವತ್ತಾದ್ರೂ ಹೇಳ್ಬಹುದಿತ್ತಲ್ಲೋ?"

"ಹಜಾರದಲ್ಲಿ ಸಿಕ್ಕಿದ್ರೆ ಹೇಳೋಣ ಅಂತಿದ್ದೆ" ಅಂದ ಬಾಮೈದ. "ನೀವು ಆ ಕಡೆ ಬರ್ಲೇ ಇಲ್ಲ."

ಮಾರನೆಯ ಬೆಳಿಗ್ಗೆ ಮಾಸ್ತರು ಮುಂದಿನ ಬಾಗಿಲಿನಿಂದ ಬಂದರು. ಹಜಾರದಲ್ಲಿ ಯಾರೂ ಇರಲಿಲ್ಲ. ಮೊದಲ ನಾಲ್ಕು ಫಲಕಗಳ ಮುಂದೆ ಒಂದೊಂದಾಗಿ ನಿಂತು ಬಾಮೈದನ ಹೆಸರನ್ನು ನಾಲ್ಕು ಸಲ ಓದಿದರು. ಹೊಟ್ಟೆಯಲ್ಲಿ ಏನೂ ಆಗಲಿಲ್ಲ. ಐದನೆಯದರ ಮುಂದೆ ಬಂದು ತಮ್ಮ ಹೆಸರು ಓದತೊಡಗಿದರು. ಅರ್ಧಕ್ಕೇ ಕಣ್ಣು ಕೆಳಗೆ ಬಿತ್ತು. ಬಂದ ದಾರಿಯಲ್ಲೇ ಹಿಂದಿರುಗಿ, ಕಟ್ಟಡ ಸುತ್ತಿಕೊಂಡು ಹಿಂದಿನ ಬಾಗಿಲಿಗೆ ಹೋದರು.

ಹುಲ್ಲಜ್ಜ ಸುಣ್ಣದ ಡಬ್ಬ ತುಂಬುತ್ತಿದ್ದ. "ಇದೇನು ಮಾಸ್ತರೇ? ಈಗಂತೂ ಅಲ್ಲಿ ನಿಮ್ಮ ಹೆಸರೇ ಇದೆ. ಇನ್ನೂ ಈ ಬಾಗಿಲು ಯಾಕೆ?"

"ಚೆಂಡು ಎಣಿಸ್ಬೇಕು" ಅಂದರು ಮಾಸ್ತರು.